ಲಾರಿಯ ಕೊನೆಯ ಪ್ಲೇಟು

"ತಾತಾ, ಅದನ್ನ ಬಿಚ್ಚಬ್ಯಾಡ!"

ಏಕಾಂತಿ ಸ್ಕೂಲಿನ ಚೀಲವನ್ನು ನೆಲಕ್ಕೆ ಬಿಸಾಕಿ ಓಡಿ ಬಂದಳು. ತಿಪ್ಪಯ್ಯ ತಾತ ಲಾರಿಯ ಅಡಿಯಲ್ಲಿ ಅಂಗಾತ ಮಲಗಿದ್ದ. ಅವನ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಒಳಗಿನಿಂದ ಸ್ಪ್ಯಾನರ್ ತಿರುಗುವ ಸದ್ದು ಬರುತ್ತಿತ್ತು.

"ಯಾರು, ಏಕಾಂತೀನಾ? ದೂರ ನಿಂತ್ಕ ಮಗಾ. ತುಕ್ಕು ಉದುರ್ತೈತೆ, ಕಣ್ಣಿಗೆ ಬಿದ್ದಾತು."

"ಬಿಚ್ಚಬ್ಯಾಡ ಅಂದ್ನಲ್ಲ!"

ಸದ್ದು ನಿಂತಿತು. ತಾತ ತೆವಳಿಕೊಂಡು ಹೊರಗೆ ಬಂದ. ಅವನ ಬಿಳಿ ಮೀಸೆಯ ತುಂಬ ಕೆಂಪು ತುಕ್ಕು.

"ಹಿಂಗೇ ಬಿಟ್ರೆ ಇದು ಮಳೇಲಿ ನೆನೆದು ನೆನೆದು ಮಣ್ಣಾಗ್ತೈತೆ ಕಣೇ. ಬಿಚ್ಚಿದ್ರೆ ಯಾರ ಹೊಲಕ್ಕಾದ್ರೂ ಆಗ್ತೈತೆ" ಅಂದ.

ಲಾರಿ ಅಂದರೆ ಈಗ ಅದೆಂಥ ಲಾರಿ! ಚಕ್ರ ಇಲ್ಲ, ಇಂಜಿನ್ ಇಲ್ಲ, ಒಂದು ಕಡೆ ಬಾಗಿಲೂ ಇಲ್ಲ. ಕಲ್ಲುಗುಂಡುಗಳ ಮೇಲೆ ಕೂತ ತಗಡಿನ ಗೂಡು ಅಷ್ಟೆ. ನೆತ್ತಿಯ ಮೇಲೆ ಮಾತ್ರ 'ಶ್ರೀ ತೇರುಮಲ್ಲೇಶ್ವರ ಪ್ರಸನ್ನ' ಎಂಬ ಹಳದಿ ಅಕ್ಷರಗಳು ಇನ್ನೂ ಅಳಿಸಿರಲಿಲ್ಲ. ಆದಿವಾಲದ ಮಕ್ಕಳಿಗೆಲ್ಲ ಅದು ಗುಜರಿ. ಏಕಾಂತಿಗೆ ಅದು ಅಪ್ಪನ ಗಾಡಿ.

ಅಪ್ಪ ಓಬಳೇಶಪ್ಪ ಆ ಲಾರಿಯ ಡ್ರೈವರ್ ಆಗಿದ್ದ. ಯುಗಾದಿ ಆದ ಮೇಲೆ ಒಂದು ದಿನ ಮುಂಜಾನೆ ಸೇತುವೆಯ ಪಕ್ಕ ಲಾರಿ ಮಗುಚಿ ಬಿತ್ತು. ಅಪ್ಪ ಉಳಿಯಲಿಲ್ಲ. ಲಾರಿಯನ್ನು ಎಳೆದು ತಂದರು. ಅದರ ಮಾಲೀಕರು ಬಂದು ನೋಡಿ, ಇದು ರಿಪೇರಿಗೆ ಬರುವ ಗಾಡಿಯಲ್ಲ ಎಂದು ಟಾರು ರೋಡಿನ ಬದಿಯಲ್ಲೇ ಇದ್ದ ತಿಪ್ಪಯ್ಯನ ಕುಲುಮೆಗೆ ಕೊಟ್ಟು ಹೋದರು.

ಹೊಸ ಕಬ್ಬಿಣ ಬೇಕೆಂದು ಹಿರಿಯೂರಿಗೆ ಹೋದರೆ "ಸ್ಟಾಕಿಲ್ಲ, ಹೋಗ್ರಿ" ಅನ್ನುತ್ತಿದ್ದ ಕಾಲ ಅದು. ತಿಪ್ಪಯ್ಯ ತಾತ ಗುಜರಿಯಲ್ಲೇ ಬೇಸಾಯದ ಸಾಮಾನು ಮಾಡುತ್ತಿದ್ದ. ಬಬ್ಬೂರಿನ ಸರ್ಕಾರಿ ಬೇಸಾಯದ ಫಾರಂಗೆ ಹೋಗಿ ಅಲ್ಲಿನ ಕುಂಟೆ, ಕೂರಿಗೆಗಳನ್ನು ಸುತ್ತು ಹಾಕಿ ನೋಡಿ ಬರುತ್ತಿದ್ದ. ಬಂದವನೇ ಕುಲುಮೆಗೆ ಬೆಂಕಿ ಹಾಕಿ ತನ್ನದೇ ಒಂದು ಬಡಿಯುತ್ತಿದ್ದ. ಅಪ್ಪನ ಲಾರಿಯ ಉದ್ದನೆ ರಾಡು ಹಾರೆಯಾಗಿ ಯಾರದೋ ಮನೆಗೆ ಹೋಯಿತು. ಡೀಸೆಲ್ ಟ್ಯಾಂಕು ಎರಡು ಹೋಳಾಗಿ ಎಮ್ಮೆಗಳು ನೀರು ಕುಡಿಯುವ ತೊಟ್ಟಿಯಾಯಿತು. ಬಾಗಿಲ ತಗಡು ಬೀಜ ಬಿತ್ತುವ ಕೂರಿಗೆಯ ಬಟ್ಟಲಾಯಿತು.

ಏಕಾಂತಿ ಸ್ಕೂಲು ಬಿಟ್ಟ ಮೇಲೆ ದಿನಾ ಇಲ್ಲಿಗೆ ಬಂದು ಲಾರಿ ಹತ್ತಿ ಕೂರುತ್ತಿದ್ದಳು. ಕ್ಲೀನರ್ ಕೂರುವ ಕಡೆ ಕೂರುತ್ತಿದ್ದಳು. ಸ್ಟೇರಿಂಗ್ ಇಲ್ಲದಿದ್ದರೂ ಆ ಕಡೆಯ ಸೀಟಿನಲ್ಲಿ ಮಾತ್ರ ಕೂರುತ್ತಿರಲಿಲ್ಲ. ಅದು ಅಪ್ಪನದು.

ಈಗ ತಾತ ಪ್ಲೇಟುಗಳಿಗೆ ಕೈ ಹಾಕಿದ್ದ. ಪ್ಲೇಟು ಅಂದರೆ ತಿಂಡಿ ತಿನ್ನುವ ತಟ್ಟೆಯಲ್ಲ. ಲಾರಿಯ ಅಡಿಯಲ್ಲಿ ಬಿಲ್ಲಿನ ಹಾಗೆ ಬಾಗಿ ಒಂದರ ಮೇಲೊಂದು ಕೂತಿರುವ ದಪ್ಪ ಕಬ್ಬಿಣದ ಪಟ್ಟಿಗಳು. ಲೋಡು ಹೊರುವುದು ಅವೇ. ಊರ ಮುಂದಿನ ಮೋರಿಯ ಹತ್ತಿರ ರೋಡಿನಲ್ಲಿ ಒಂದು ಗುಂಡಿ ಇತ್ತು. ಅಪ್ಪನ ಲಾರಿ ಅದಕ್ಕೆ ಇಳಿದು ಎದ್ದರೆ ಪ್ಲೇಟುಗಳು ಠಣ್ ಅನ್ನುತ್ತಿದ್ದವು. ಎಷ್ಟೋ ಲಾರಿ ಹೋಗುತ್ತಿದ್ದವು, ಆದರೆ ಆ ಸದ್ದು ಏಕಾಂತಿಗೆ ಗೊತ್ತಾಗುತ್ತಿತ್ತು. ಅವಳು ಬೀದಿಗೆ ಓಡುತ್ತಿದ್ದಳು. ಅವ್ವ ಒಳಗೆ ಮುದ್ದೆಗೆ ಎಸರಿಡುತ್ತಿದ್ದಳು.

"ಒಂದು ಪ್ಲೇಟಾದ್ರೂ ಬಿಡು ತಾತ."

"ಅದನ್ನ ಇಟ್ಕಂಡು ಏನ್ ಮಾಡ್ತೀಯಲೇ? ತಲೆದಿಂಬು ಮಾಡ್ಕಂತೀಯಾ?" ತಾತ ನಗಿಸಲು ನೋಡಿದ. ಏಕಾಂತಿ ನಗಲಿಲ್ಲ. ತಾತ ಸ್ಪ್ಯಾನರ್ ಕೆಳಗಿಟ್ಟ. "ಹೇಳಿದೋರಿಗೆಲ್ಲ ಹಂಚಿ ಆಗೈತವ್ವ. ಎಡೆ ಹೊಡಿಯೋ ಕಾಲ. ಎಲ್ಲಾರಿಗೂ ಕುಂಟೆಗೆ ಕುಡ ಬೇಕು" ಅಂದ.

ಕುಡ ಅಂದರೆ ಕುಂಟೆಯ ಕೆಳಗಿನ ಅಲಗು. ಎಡೆ ಹೊಡೆಯುವಾಗ ಸಾಲಿನ ನಡುವಿನ ಕಳೆಯನ್ನು ಬೇರಿನಲ್ಲೇ ಕತ್ತರಿಸುವುದು ಅದು.

ತಾತ ಕೈ ಒರೆಸಿಕೊಂಡು ಟೀ ಕುಡಿಯಲು ಎದುರಿನ ಹೋಟೆಲಿಗೆ ಹೋದ. ಗೋಡೆಯ ಪಕ್ಕ ಒಂದು ಪ್ಲೇಟು ಬೇರೆಯಾಗಿ ಒರಗಿತ್ತು. ಎಲ್ಲಕ್ಕಿಂತ ಗಿಡ್ಡದು, ಕೊನೆಯದು. ಏಕಾಂತಿ ಅತ್ತ ಇತ್ತ ನೋಡಿದಳು. ಅದನ್ನೆತ್ತಿ ಚೀಲದೊಳಗೆ ತುರುಕಿದಳು. ಅಬ್ಬಾ, ಏನು ಭಾರ! ಚೀಲದ ಒಂದು ಹಿಡಿ ಪಟ್ ಎಂದು ಕಿತ್ತು ಬಂತು. ಚೀಲವನ್ನು ಎದೆಗೆ ಅವುಚಿಕೊಂಡು ಮನೆಗೆ ಓಡಿದಳು. ಹಿತ್ತಲಿನ ರಾಗಿಹುಲ್ಲಿನ ಬಣವೆಯಲ್ಲಿ ಪ್ಲೇಟನ್ನು ಒಳಕ್ಕೆ, ಇನ್ನೂ ಒಳಕ್ಕೆ ತಳ್ಳಿದಳು.

ಸಂಜೆ ಊಟಕ್ಕೆ ಕೂತಾಗ ಅವಳು ಬೇಕೆಂದೇ ಹೇಳಿದಳು. "ಅವ್ವ, ತಿಪ್ಪಯ್ಯ ತಾತ ಅಪ್ಪನ ಗಾಡೀನ ಪೂರ್ತಿ ಬಿಚ್ತಾ ಐತೆ."

"ಹೂಂ" ಅಂದಳು ಅವ್ವ. ಅಷ್ಟೇ. "ಉಣ್ಣು. ನಾಳೆ ಕುಂಟೆಗೆ ಕುಡ ಹಾಕಿಸ್ಬೇಕು. ನಾಡಿದ್ದು ಕರಿಸಿದ್ದಪ್ಪ ಎತ್ತು ಕೊಡ್ತಾನೆ. ಅವತ್ತೊಂದೇ ದಿನ."

ಕರಿಸಿದ್ದಪ್ಪನ ಎತ್ತಿಗೆ ಅವ್ವ ಮುಯ್ಯಿ ಒಪ್ಪಿಕೊಂಡಿದ್ದಳು. ಅವನು ಎತ್ತು ಕೊಟ್ಟರೆ, ಅವನ ಹೊಲದ ಕಡ್ಲೆಕಾಯಿ ಕೀಳುವಾಗ ಇವರು ಹೋಗಿ ಕಿತ್ತುಕೊಡಬೇಕು. ಇವರ ಹೊಲದಲ್ಲೂ ಕಡ್ಲೆಕಾಯಿಯೇ. ಗಿಡಕ್ಕಿಂತ ಕಳೆ ಎತ್ತರವಾಗಿತ್ತು. ಅಲ್ಲಲ್ಲಿ ಹಳದಿ ಹೂವು ಕಾಣಿಸುತ್ತಿತ್ತು. ಹೂವು ಕಾಯಿ ಕಟ್ಟಲು ಮಣ್ಣಿಗೆ ಇಳಿದರೆ ಮುಗಿಯಿತು, ಆಮೇಲೆ ಕುಂಟೆ ಆಡಿಸುವಂತಿಲ್ಲ. ಬೆಳೆಯೆಲ್ಲ ಕಳೆಯ ಪಾಲು.

ಏಕಾಂತಿಗೆ ಅದೆಲ್ಲ ಆ ಹೊತ್ತಿಗೆ ಬೇಕಿರಲಿಲ್ಲ. ಅವಳಿಗೆ ಕೋಪ ಬಂದಿತ್ತು. ಅವ್ವ ಒಂದು ದಿನವೂ ಲಾರಿಯ ಹತ್ತಿರ ಹೋದವಳಲ್ಲ. ಹೊಲಕ್ಕೆ ಹೋಗಲು ಟಾರು ರೋಡೇ ಹತ್ತಿರ. ಆದರೂ ಅವ್ವ ಕಾಲುವೆ ಏರಿಯ ಮೇಲೆ ಸುತ್ತು ಹಾಕಿ ಹೋಗುತ್ತಿದ್ದಳು. ಅಪ್ಪನ ಮಾತೇ ಎತ್ತುತ್ತಿರಲಿಲ್ಲ. ಅವ್ವ ಅಪ್ಪನನ್ನು ಮರೆತೇಬಿಟ್ಟಳು ಎಂದು ಏಕಾಂತಿಗೆ ಅಳು ಬಂತು. ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು.

ಮರುದಿನ ಸ್ಕೂಲಿಗೆ ರಜ. ಅವ್ವ ಹಳೆಯ ಕುಂಟೆಯನ್ನು ಹೆಗಲ ಮೇಲೆ ಇಟ್ಟುಕೊಂಡು, "ನಡಿ, ಹೋಗಾಣ" ಅಂದಳು. ಟಾರು ರೋಡಿನ ಕಡೆಗೇ ತಿರುಗಿದಳು. ಲಾರಿ ಕಂಡ ಕೂಡಲೇ ಅವಳ ಹೆಜ್ಜೆ ನಿಧಾನವಾಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು, ನೆಲ ನೋಡುತ್ತ ಅದನ್ನು ದಾಟಿ ಕುಲುಮೆಗೆ ಬಂದಳು.

ಕುಲುಮೆಯಲ್ಲಿ ತಿಪ್ಪಯ್ಯ ತಾತ ಎಲ್ಲ ಸಾಮಾನನ್ನೂ ಕಿತ್ತು ಹಾಕುತ್ತಿದ್ದ.

"ಬಾ ನಿಂಗಕ್ಕ, ಕುಂತ್ಕ. ನನ್ನ ಕಣ್ಣೇ ಹೋದ್ವೋ ಏನೋ. ನಿಂಗೆ ಅಂತ ತೆಗೆದಿಟ್ಟಿದ್ದೆ, ಇಲ್ಲೇ ಗೋಡೆಗೆ ಒರಗ್ಸಿದ್ದೆ. ಕಾಣ್ತಾ ಇಲ್ಲ."

"ಏನು ಮಾವ?"

"ಪ್ಲೇಟು ತಾಯಿ. ಉಳಿದವೆಲ್ಲ ಬೆಳಿಗ್ಗೇನೇ ಕಾಸಿ ಬಡಿದು ಕೊಟ್ಟೆ. ನಿಂದು ಒಂದೇ ಬಾಕಿ."

ಏಕಾಂತಿ ಅವ್ವನ ಬೆನ್ನ ಹಿಂದೆ ಸರಿದಳು.

"ಬೇರೆ ತಗಡು ಹಾಕ್ಲಾ ಅಂದ್ರೆ, ನಿನ್ನ ಹೊಲ ಕಲ್ಲಿನ ಹೊಲ. ಒಂದೇ ಸಾಲಿಗೆ ಮಡಚಿಕೊಂತೈತೆ. ಹೋಗ್ಲಿ ಬಿಡು, ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು" ಎಂದು ತಾತ ತಗ್ಗಿದ ದನಿಯಲ್ಲಿ ಹೇಳಿದ. "ಬೇರೆಯೋರಿಗೆ ಅದು ಬರೀ ಕಬ್ಬಿಣ. ಹೋದೋರ ಮನೆಯೋರೇ ಆ ಗಾಡಿ ಕಬ್ಬಿಣ ಹೊಲಕ್ಕೆ ತರಬಾರ್ದು ಅಂತ ಊರೋರೆಲ್ಲ ಅಂತಾರೆ. ನೀನೋ, ಅದೇ ಬೇಕು ಅಂತ ಹೇಳಿ ಕಳ್ಸಿ ಹಟ ಹಿಡಿದೆ."

"ಅನ್ನೋರು ಅನ್ಲಿ ಮಾವ" ಅಂದಳು ಅವ್ವ. "ಇವಳಪ್ಪ ಇದ್ದಾಗ ಒಂದು ವಾರ ಮನೇಲಿ ನಿಂತೋರಲ್ಲ. ಇವತ್ತು ಪುಣೆ, ನಾಳೆ ಬೆಂಗ್ಳೂರು. ಅವ್ರ ಗಾಡಿ ಕಬ್ಬಿಣನಾದ್ರೂ ನಮ್ಮ ಹೊಲದಾಗೆ ಇರ್ಲಿ ಅಂದ್ಕಂಡೆ. ಅದೂ ಸಿಗ್ಲಿಲ್ಲ ಅಂದ್ರೆ ಏನ್ ಮಾಡಾಣ."

ಅವ್ವ ಕುಂಟೆಯ ಪಕ್ಕ ಕುಕ್ಕರಿಸಿ ಕೂತಳು. ಕಣ್ಣು ಒರೆಸಿಕೊಳ್ಳಲೂ ಇಲ್ಲ.

ಅವ್ವ ಅಳುವುದನ್ನು ಏಕಾಂತಿ ಅಪ್ಪ ಹೋದ ದಿನದಿಂದ ಈಚೆಗೆ ನೋಡಿರಲಿಲ್ಲ. ಅವಳು ಓಟ ಕಿತ್ತಳು. "ಲೇ, ಎಲ್ಲಿಗೇ?" ಎಂದು ತಾತ ಕೂಗಿದ್ದು ಕೇಳಿಸಿತು. ನಿಲ್ಲಲಿಲ್ಲ. ಬಣವೆಗೆ ಭುಜದವರೆಗೂ ಕೈ ಹಾಕಿ ಪ್ಲೇಟನ್ನು ಎಳೆದಳು. ಎರಡು ಕೈಯಲ್ಲಿ ಹೊತ್ತುಕೊಂಡು, ಏದುಸಿರು ಬಿಡುತ್ತ ವಾಪಸ್ ಬಂದಳು. ತಲೆಯ ತುಂಬ ಹುಲ್ಲು.

ತಾತ ಅವಳನ್ನು ನೋಡಿದ, ಪ್ಲೇಟನ್ನು ನೋಡಿದ, ಆಮೇಲೆ ಬೆಂಕಿಯ ಕಡೆಗೆ ತಿರುಗಿಕೊಂಡ.

"ಅವ್ವ, ನಾನೇ..." ಏಕಾಂತಿ ಪ್ಲೇಟನ್ನು ಅವ್ವನ ಮುಂದೆ ಚಾಚಿದಳು.

ಅವ್ವ ಬೈಯುತ್ತಾಳೆ ಅಂದುಕೊಂಡಿದ್ದಳು. ಅವ್ವ ಕೈ ಚಾಚಿ ಪ್ಲೇಟಿನ ಮೇಲೆ ಅಂಗೈ ಇಟ್ಟಳು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರಿದಳು. ಮಗಳ ಕೂದಲಲ್ಲಿದ್ದ ಹುಲ್ಲನ್ನು ತೆಗೆದಳು.

"ಅಷ್ಟು ಭಾರಾನ ಒಬ್ಳೇ ಹೊತ್ಕಂಡು ಹೋಗಿದ್ಯಾ?" ಅಂದಳು. "ಹೋಗು. ತಾತನ ಕೈಗೆ ನೀನೇ ಕೊಡು."

ಏಕಾಂತಿ ಕೊಟ್ಟಳು. ತಾತ ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲಿಟ್ಟ. "ತಿದಿ ಒತ್ತು ಬಾರವ್ವ, ಗಾಳಿ ಬೇಕು" ಎಂದು ಕರೆದ. ಅವಳು ತಿದಿ ಒತ್ತಿದಳು. ಕಪ್ಪು ಪ್ಲೇಟು ಕೆಂಪಾಯಿತು. ತಾತ ಅದನ್ನು ಬಡಿದ. ಬಿಲ್ಲಿನ ಹಾಗೆ ಬಾಗಿದ್ದದ್ದು ನೆಟ್ಟಗಾಯಿತು, ಅಂಚು ತೆಳ್ಳಗಾಯಿತು. ನೀರಿಗೆ ಅದ್ದಿದಾಗ ಚುಸ್ ಎಂದು ಹಬೆ ಎದ್ದಿತು. ಈಗ ಅದನ್ನು ನೋಡಿದರೆ ಲಾರಿಯದು ಎಂದು ಯಾರೂ ಹೇಳುವಂತಿರಲಿಲ್ಲ. ಏಕಾಂತಿಗೆ ಸಂಕಟವಾಯಿತು, ಆದರೂ ತಿದಿಯಿಂದ ಕೈ ತೆಗೆಯಲಿಲ್ಲ.

ಮಾರನೆಯ ದಿನ ಬೆಳ್ಳಂಬೆಳಗ್ಗೆ ಕರಿಸಿದ್ದಪ್ಪನ ಎತ್ತುಗಳು ಹೊಲಕ್ಕೆ ಬಂದವು. ಹೆಂಗಸು ಕುಂಟೆ ಹಿಡಿಯುವುದನ್ನು ನೋಡಲು ದಾರಿಹೋಕರು ಒಂದು ಗಳಿಗೆ ನಿಂತು ಹೋದರು. ಅವ್ವ ಯಾರ ಕಡೆಗೂ ನೋಡಲಿಲ್ಲ. ಕಡ್ಲೆಕಾಯಿ ಗಿಡಗಳ ಎರಡು ಸಾಲಿನ ನಡುವೆ ಕುಂಟೆ ಇಳಿಸಿ ಒತ್ತಿ ಹಿಡಿದಳು. ಕುಡ ಮಣ್ಣೊಳಗೆ ಹೋಯಿತು. ಅದು ಕಾಣುತ್ತಿರಲಿಲ್ಲ. ಕಳೆ ಮಾತ್ರ ಬುಡ ಕಡಿದುಕೊಂಡು ಅಡ್ಡಡ್ಡ ಬೀಳುತ್ತಿತ್ತು.

ಏಕಾಂತಿ ಹಿಂದೆ ಹಿಂದೆ ನಡೆದಳು. ಸ್ಕೂಲಿಗೆ ಹೊರಡುವ ಹೊತ್ತಿನವರೆಗೆ ಅವಳಿಗೂ ಕೆಲಸವಿತ್ತು. ಮಣ್ಣು ಮುಚ್ಚಿಕೊಂಡ ಗಿಡವನ್ನು ಎತ್ತಿ ನಿಲ್ಲಿಸಬೇಕು, ಕಲ್ಲು ಸಿಕ್ಕರೆ ಆರಿಸಿ ಬದುವಿನ ಮೇಲೆ ಹಾಕಬೇಕು.

ಹೊಲದ ನಡುಮಧ್ಯೆ ಬಂದಿದ್ದರು. ಮಣ್ಣೊಳಗೆ ಕುಡ ಒಂದು ಕಲ್ಲಿಗೆ ತಾಗಿತು.

ಠಣ್!

ಏಕಾಂತಿ ನಿಂತಲ್ಲೇ ನಿಂತಳು. ಅವಳ ಕಣ್ಣು ತಾನಾಗಿಯೇ ಟಾರು ರೋಡಿನ ಕಡೆ ಹೋಯಿತು. ರೋಡು ಖಾಲಿ ಇತ್ತು. ಈ ಕಡೆ ತಿರುಗಿ ನೋಡಿದರೆ, ಎತ್ತುಗಳೂ ನಿಂತಿದ್ದವು. ಅವ್ವ ಹಗ್ಗ ಜಗ್ಗಿ ಹಿಡಿದುಕೊಂಡಿದ್ದಳು. ಅವಳೂ ರೋಡಿನ ಕಡೆಗೇ ನೋಡುತ್ತಿದ್ದಳು.

"ಯಾಕವ್ವ ನಿಂತೆ?"

"ಏನಿಲ್ಲ ಕಣೇ" ಅಂದಳು ಅವ್ವ. ರೋಡಿನಿಂದ ಕಣ್ಣು ತೆಗೆಯದೆ, "ಎಸರಿಡ್ಬೇಕು ಅನ್ನಿಸ್ತು" ಅಂದಳು.

ಏಕಾಂತಿ ಹತ್ತಿರ ಹೋಗಿ ಅವ್ವನ ಸೆರಗು ಹಿಡಿದುಕೊಂಡಳು. ಆಮೇಲೆ ಅವ್ವ "ಹೈ" ಎಂದು ಎತ್ತುಗಳನ್ನು ಹೊಡೆದಳು. ಕುಂಟೆ ಮುಂದೆ ಹೋಯಿತು.

ಸಾಲಿನಲ್ಲಿ ಆ ಕಲ್ಲು ಮೇಲೆ ಬಂದು ಬಿದ್ದಿತ್ತು. ಕುಡ ತಾಗಿದ ಕಡೆ ಬೆಳ್ಳಗೆ ಗೀರು ಬಿದ್ದಿತ್ತು. ಏಕಾಂತಿ ಅದನ್ನು ಎತ್ತಿಕೊಂಡು ಬದುವಿನ ಕಡೆ ನೋಡಿದಳು. ಮತ್ತೆ ಸಾಲಿನ ಕಡೆ ನೋಡಿದಳು. ಬಗ್ಗಿ ಕಲ್ಲನ್ನು ಇದ್ದ ಜಾಗದಲ್ಲೇ ಇಟ್ಟು, ಮೇಲೆ ಕಾಲಿನಿಂದ ಮಣ್ಣೆಳೆದು, ಅವ್ವನ ಹಿಂದೆ ಓಡಿದಳು.