ಚೂರು ಕಾಗದದ ಕ್ರಿಸ್ಮಸ್

ಮದುವೆಯಾಗುವವರ ಹೆಸರನ್ನು ಮೂರು ಭಾನುವಾರ ಎಲ್ಲರೆದುರು ಓದಿ, ಯಾರಿಗಾದರೂ ತಕರಾರಿದ್ದರೆ ಹೇಳಿ ಎಂದು ಕೇಳುವುದು ಆ ಚರ್ಚಿನ ರೂಢಿ. ಎರಡು ಭಾನುವಾರ ಅವಳ ಹೆಸರೂ ಅವನ ಹೆಸರೂ ಜೊತೆಯಾಗಿ ಕೇಳಿಬಂದಿದ್ದವು. ಇವತ್ತು ಮೂರನೆಯದು. ಪಾದ್ರಿಗಳು ಬೇರೆ ಎರಡು ಜೋಡಿಯ ಹೆಸರು ಓದಿ ಚೀಟಿ ಮಡಿಸಿಟ್ಟರು.

"ಮರೆತಿರ್ಬೇಕು," ಎಂದು ಪಕ್ಕದಲ್ಲಿದ್ದ ಚಿಕ್ಕಮ್ಮ ಪಿಸುಗುಟ್ಟಿದಳು.

ಅವಳು ಆಚೆ ಸಾಲಿನ ಕಡೆ ತಿರುಗಿದಳು. ಕಂಬದ ಪಕ್ಕ, ಮಬ್ಬು ಬೆಳಕಿನಲ್ಲಿ ಅವನು ಕೂತಿದ್ದ. ಮುಖ ಇವಳ ಕಡೆಗೇ ಇತ್ತು. ಅವಳು ಹುಬ್ಬೇರಿಸಿದಳು. ಎರಡು ವರ್ಷದಿಂದ ಅವರ ಅರ್ಧ ಮಾತು ನಡೆಯುತ್ತಿದ್ದುದೇ ಹಾಗೆ. ಅವಳ ಹುಬ್ಬು ಏರಿದರೆ ಮೊದಲು ಅವನ ತುಟಿಯ ಎಡತುದಿ ಅಲುಗುತ್ತಿತ್ತು, ಆಮೇಲೆ ಕಣ್ಣು ಕಿರಿದಾಗುತ್ತಿತ್ತು, ಕೊನೆಗೆ ನಗು ತಡೆಯಲಾರದೆ ತಲೆ ತಗ್ಗಿಸಿಬಿಡುತ್ತಿದ್ದ.

ಇವತ್ತು ತುಟಿ ಅಲುಗಲಿಲ್ಲ. ಗೋಡೆ ನೋಡುವವನ ಹಾಗೆ ನೋಡಿ, ಮುಖ ತಿರುಗಿಸಿಕೊಂಡ.

ಹೊರಗೆ ಗೇಟಿನ ಹತ್ತಿರ ಅವಳು ಅವನನ್ನು ತಡೆದು ನಿಲ್ಲಿಸಿದಳು.

"ಫಾದರ್‌ಗೆ ನಾನೇ ಹೇಳ್ದೆ," ಎಂದ, ಅವಳು ಕೇಳುವ ಮೊದಲೇ. "ಸ್ವಲ್ಪ ಮುಂದಕ್ಕೆ ಹಾಕೋಣ ಅಂತ."

"ಫಾದರ್‌ಗೆ ಹೇಳ್ದೆ. ನಂಗೆ?"

"ಖರ್ಚು ತುಂಬ ಆಗುತ್ತೆ. ಚಿಕ್ಕಮ್ಮಂಗೆ ಈಗಷ್ಟೇ ಆಪರೇಷನ್ ಆಗಿದೆ. ನಿನ್ನ ಹೊಲಿಗೆ ಅಂಗಡೀಲೂ ಕೆಲಸ ಕಮ್ಮಿ..."

"ಹೋದ ವರ್ಷದ ಗಿಫ್ಟ್ ಪೇಪರನ್ನ ಚಿಕ್ಕಮ್ಮ ಇಸ್ತ್ರಿ ಮಾಡಿ ಎತ್ತಿಟ್ಟಿದ್ದಾಳೆ. ಉರಿದು ಉಳಿದ ಕ್ಯಾಂಡಲ್ ತುಂಡೆಲ್ಲ ಡಬ್ಬೀಲಿ ಕೂಡಿಟ್ಟಿದ್ದಾಳೆ. ಅಂಥ ಮನೆಯವಳ ಹತ್ರ ಖರ್ಚಿನ ನೆಪ ಹೇಳ್ತೀಯಾ?" ಅವಳು ದನಿ ಏರಿಸಲಿಲ್ಲ. "ಬೇರೆ ಯಾರಾದ್ರೂ ಇದ್ದಾರಾ?"

"ಇಲ್ಲ."

"ಮತ್ತೆ?"

ಅಷ್ಟರಲ್ಲಿ ಚಿಕ್ಕಮ್ಮ ಕೋಲೂರಿಕೊಂಡು ಬಂದಳು. ಮೂವತ್ತು ವರ್ಷ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದವಳು. ಮನುಷ್ಯರ ಸುಕ್ಕೂ ಅವಳ ಕಣ್ಣಿಗೆ ಬೇಗ ಬೀಳುತ್ತಿತ್ತು.

"ಮದುವೆ ವಿಷಯ ನೀವಿಬ್ಬರೇ ಮಾತಾಡ್ಕೊಳ್ಳಿ," ಎಂದಳು. "ಆದ್ರೆ ನಿಮ್ಮ ಬೈಂಡಿಂಗ್ ಶಾಪಿಂದ ಚೂರು ಪೇಪರ್ ತಂದುಕೊಡ್ತೀನಿ ಅಂದಿದ್ದೆ ನೋಡು, ಅದಕ್ಕೆ ಮಾತ್ರ ಕೈಕೊಡಬೇಡ. ಕ್ರಿಸ್ಮಸ್ಸಿಗೆ ಇನ್ನು ಹನ್ನೊಂದೇ ದಿನ. ಈ ಸಲ ದುಡ್ಡು ಕೊಟ್ಟು ಒಂದು ದಾರದೆಳೇನೂ ತರಲ್ಲ ಅಂತ ಶಪಥ ಮಾಡಿದ್ದೀನಿ."

ಮಂಗಳವಾರ ಮಧ್ಯಾಹ್ನ ಅವನು ಬಂದ. ಕಂಕುಳಲ್ಲಿ ದೊಡ್ಡ ಕಟ್ಟು: ಪುಸ್ತಕದ ಅಂಚು ಕತ್ತರಿಸುವಾಗ ಉದುರಿದ ಪಟ್ಟಿಗಳು, ರಟ್ಟಿಗೆ ಅಂಟಿಸಿ ಮಿಕ್ಕ ಕೆಂಪು, ಹಸಿರು, ಕಡುನೀಲಿ ಕಾಗದ. ಮೂವರೂ ಕಿಟಕಿಯ ಹತ್ತಿರದ ಮೇಜಿಗೆ ಕೂತರು. ಬೀದಿಯ ಮರ ಸವರಿದಾಗ ಬಿದ್ದ ಒಂದು ಕೊಂಬೆಯನ್ನು ಚಿಕ್ಕಮ್ಮ ಆಗಲೇ ಬಕೆಟ್ಟಿನಲ್ಲಿ ನಿಲ್ಲಿಸಿದ್ದಳು. ಅದು ಒಂದು ಪಕ್ಕಕ್ಕೆ ವಾಲಿತ್ತು.

"ನಿಂಗಿಂತ ನೆಟ್ಟಗಿದೆ ಬಿಡು," ಎಂದು ಚಿಕ್ಕಮ್ಮ ಅವನಿಗೆ ಹೇಳಿದಳು. ಅವನು ನಕ್ಕ. ಅವಳು ನಗಲಿಲ್ಲ.

ಅವನ ಬೆರಳುಗಳು ಕಾಗದ ಮಡಿಸುವುದನ್ನು ನೋಡುವುದೇ ಒಂದು ಸುಖ. ಉಗುರಿನಿಂದ ಒಮ್ಮೆ ಗೆರೆ ಎಳೆದರೆ ಮಡಿಕೆ ನೂಲು ಹಿಡಿದ ಹಾಗೆ ಕೂರುತ್ತಿತ್ತು. ಎರಡು ವರ್ಷದ ಹಿಂದೆ ಅಳತೆ ಪುಸ್ತಕ ಹೊಲಿಸಲು ಅವನಲ್ಲಿಗೆ ಹೋದಾಗ, ದರ್ಜಿಯಾದ ಅವಳು ಮೊದಲು ನೋಡಿದ್ದು ಅವನ ಹೊಲಿಗೆಯನ್ನು, ಆಮೇಲೆ ಅವನನ್ನು. ಈಗಲೂ ಸಿಟ್ಟಿನ ನಡುವೆಯೇ ಅವಳ ಕಣ್ಣು ಆ ಬೆರಳುಗಳ ಹಿಂದೆ ಹೋಗುತ್ತಿತ್ತು.

ಒಂದು ನಕ್ಷತ್ರ ಮುಗಿಯಿತು, ಎರಡಾಯಿತು. ಅವನು ಮಡಿಸುತ್ತಿದ್ದ, ಕತ್ತರಿಸುತ್ತಿದ್ದ, ಕತ್ತರಿಯನ್ನು ಪ್ರತಿ ಸಲ ಅದೇ ಜಾಗದಲ್ಲಿ, ಮೇಜಿನ ಗೆರೆಗೆ ಸರಿಯಾಗಿ ಇಡುತ್ತಿದ್ದ. ಅವಳು ಅವನ ಪಕ್ಕಕ್ಕೆ ಚಹಾ ಇಟ್ಟಳು. ಮೊಣಕೈ ತಗುಲಿ ಕಪ್ ಉರುಳಿತು.

"ಅಯ್ಯೋ, ನೋಡ್ಲಿಲ್ಲ," ಎಂದ.

ಅವಳು ಬಟ್ಟೆ ತಂದು ಒರೆಸಿದಳು. ಒರೆಸುವಾಗ ಕತ್ತರಿಯನ್ನು ಎತ್ತಿ, ಒಂದು ಗೇಣು ಆಚೆಗೆ ಇಟ್ಟಳು. ಬೇಕೆಂದೇ ಇಟ್ಟದ್ದಲ್ಲ. ಆದರೆ ಅವನ ಕೈ ಹಳೆಯ ಜಾಗಕ್ಕೆ ಹೋಯಿತು, ಬರಿಯ ಹಲಗೆ ಮುಟ್ಟಿ ನಿಂತಿತು, ಆಮೇಲೆ ನಿಧಾನವಾಗಿ ಮೇಜನ್ನು ಸವರತೊಡಗಿತು. ಕತ್ತರಿ ಫಳಫಳ ಹೊಳೆಯುತ್ತ ಅಲ್ಲೇ ಬಿದ್ದಿತ್ತು.

ಅವಳ ಕೈಯಲ್ಲಿದ್ದ ಬಟ್ಟೆಯಿಂದ ಚಹಾ ತೊಟ್ಟಿಕ್ಕುತ್ತಿತ್ತು. ಚಿಕ್ಕಮ್ಮನೂ ನೋಡಿದ್ದಳು. "ಬಕೆಟ್ಟಿಗೆ ಮರಳು ಸಾಲದು, ತರ್ತೀನಿ," ಎಂದು ಕೋಲು ಹಿಡಿದು ಹೊರಗೆ ಹೋದಳು.

"ಯಾವತ್ತಿಂದ?" ಎಂದು ಅವಳು ಕೇಳಿದಳು.

ಸುಳ್ಳು ಹೇಳಲು ಅವನು ಬಾಯಿ ತೆರೆದ, ಮುಚ್ಚಿದ.

"ಗೊತ್ತಾಗಿದ್ದು ಆಗಸ್ಟಲ್ಲಿ. ನೇರ ಎದುರಿಗಿರೋದು ಕಾಣುತ್ತೆ. ಪಕ್ಕದ್ದು ಕಾಣಲ್ಲ. ಬೆಳಕು ಕಮ್ಮಿ ಆದ್ರೆ ಅದೂ ಇಲ್ಲ. ಬಾಗಿಲ ಸಂದೀಲಿ ನೋಡಿದ ಹಾಗೆ. ಆ ಸಂದಿ ಮುಚ್ಚಿಕೊಳ್ತಾ ಬರುತ್ತಂತೆ. ಐದು ವರ್ಷವೋ ಹತ್ತೋ, ಡಾಕ್ಟರಿಗೂ ಗೊತ್ತಿಲ್ಲ."

"ನಾಲ್ಕು ತಿಂಗಳು ನನ್ನ ಜೊತೆ ಓಡಾಡ್ದೆ. ಒಂದು ದಿನ ಹೇಳ್ಬೇಕು ಅನ್ನಿಸ್ಲಿಲ್ಲ."

"ನಮ್ಮಪ್ಪಂಗೂ ಇದೇ ಆಗಿತ್ತು. ಅಮ್ಮ ಇಪ್ಪತ್ತು ವರ್ಷ ಕೈಹಿಡಿದು ನಡೆಸಿದ್ಲು. ಯಾರ ಹತ್ರಾನೂ ಗೊಣಗಲಿಲ್ಲ. ಆದ್ರೆ ಕೊನೆಕೊನೆಗೆ ಅವನ ಮುಖ ನೋಡೋದನ್ನೇ ಬಿಟ್ಟುಬಿಟ್ಲು. ಅವನಿಗದು ಕಾಣ್ತಿರ್ಲಿಲ್ಲ. ನಂಗೆ ಕಾಣ್ತಿತ್ತು." ಕಾಗದದ ಪಟ್ಟಿಯೊಂದನ್ನು ಬೆರಳಿಗೆ ಸುತ್ತಿಕೊಂಡ. "ಮಕ್ಕಳಿಗೂ ಬರಬಹುದು. ಹೇಳಿದ್ರೆ ನೀನು ಬಿಡಲ್ಲ ಅಂತೀಯ. ಬಿಡಲ್ಲ ಅಂದ ಮಾತಿಗೆ ಕಟ್ಟುಬಿದ್ದು ಜೀವಮಾನ ಕಳೀತೀಯ. ಅದಕ್ಕೇ..."

"ಅದಕ್ಕೇ ನಾನು ಏನಂತೀನಿ ಅಂತ ನೀನೇ ತೀರ್ಮಾನ ಮಾಡ್ಬಿಟ್ಟೆ."

ಬಿಡುವುದಿಲ್ಲ ಎಂದು ಅವಳು ಹೇಳಬಹುದೆಂದು ಅವನು ಕಾದ. ಅವಳು ಹೇಳಲಿಲ್ಲ. ಹೇಳಲು ಬಂದದ್ದನ್ನು ಭಯ ಹಿಡಿದು ನಿಲ್ಲಿಸಿತ್ತು.

"ಇವತ್ತು ಹೋಗು," ಎಂದಳು. "ನಾನು ಯೋಚನೆ ಮಾಡ್ಬೇಕು."

ಅವನು ಎದ್ದ. ಬಾಗಿಲ ಚೌಕಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಿಕೊಂಡು ಹೊರಗೆ ಹೋದ. ಇಷ್ಟು ದಿನವೂ ಹಾಗೆಯೇ ಮಾಡುತ್ತಿದ್ದನೇನೋ, ಅವಳು ಗಮನಿಸಿರಲಿಲ್ಲ.

ಆ ವಾರ ಅವಳು ಅಂಗಡಿಯಲ್ಲಿ ಒಂದೇ ಪ್ಯಾಂಟನ್ನು ಎರಡು ಸಲ ಗಿಡ್ಡ ಮಾಡಿ ಬೈಸಿಕೊಂಡಳು. ಸಂಜೆ ಮನೆಯಲ್ಲಿ ಕೆಲಸ ಮಾತ್ರ ನಿಲ್ಲಲಿಲ್ಲ. ಕ್ಯಾಂಡಲ್ ತುಂಡುಗಳನ್ನು ಕರಗಿಸಿ, ಹಿಡಿ ಮುರಿದ ಕಪ್ಪುಗಳಿಗೆ ಸುರಿದು, ನಡುವೆ ಬತ್ತಿಯ ದಾರ ನಿಲ್ಲಿಸಿದರು. ಅಂಗಡಿಯ ಬಟ್ಟೆ ಚೂರುಗಳಿಂದ ತೋರಣ ಹೊಲಿದರು. ಚಿಕ್ಕಮ್ಮ ತನ್ನ ಹಳೆಯ ಸ್ವೆಟರ್ ಬಿಚ್ಚಿ ಉಣ್ಣೆಯನ್ನು ಉಂಡೆ ಸುತ್ತಿದಳು.

"ನೀನಾಗಿದ್ರೆ ಏನು ಮಾಡ್ತಿದ್ದೆ?" ಎಂದು ಒಂದು ಸಂಜೆ ಅವಳು ಕೇಳಿದಳು.

"ಕಷ್ಟ ಆಗುತ್ತೆ ಕಣೇ. ಸುಳ್ಳು ಹೇಳಿ ನಿನ್ನ ಅಟ್ಟಕ್ಕೆ ಏರಿಸಲ್ಲ," ಎಂದಳು ಚಿಕ್ಕಮ್ಮ. "ಅವನು ಬೇಡ ಅಂತ ನೀನಂದ್ರೂ ನಾನು ಬಯ್ಯಲ್ಲ. ಅವನೇ ಬೇಕು ಅಂದ್ರೂ ಬಯ್ಯಲ್ಲ. ಮನಸ್ಸಿಲ್ಲದೆ ಹೂಂ ಅಂದ್ರೆ ಮಾತ್ರ ಈ ಕೋಲು ನೋಡು."

ಅವಳು ಮಿಕ್ಕಿದ್ದ ನೀಲಿ ಕಾಗದವನ್ನು ಎರಡು ಕೊಳವೆ ಸುತ್ತಿ ಕಣ್ಣಿಗೆ ಹಿಡಿದುಕೊಂಡಳು. ಹಾಗೇ ಮನೆಯಲ್ಲೆಲ್ಲ ನಡೆದಳು. ಸ್ಟೂಲಿಗೆ ಮಂಡಿ ಬಡಿಯಿತು. ಕಪಾಟಿನ ಮೂಲೆ ಭುಜಕ್ಕೆ ತಾಗಿತು. ಚಿಕ್ಕಮ್ಮನ ಕಡೆ ತಿರುಗಿದರೆ ಪೂರ್ತಿ ಚಿಕ್ಕಮ್ಮ ಸಿಗಲಿಲ್ಲ. ಒಂದು ಕಿವಿಯೋಲೆ, ಒಂದು ಕೆನ್ನೆ, ಉಣ್ಣೆ ಸುತ್ತುವ ಒಂದು ಕೈ. ಅಷ್ಟೇ ಜಾಗದಲ್ಲಿ ನಾಲ್ಕು ತಿಂಗಳು ಅವನು ನನ್ನನ್ನು ಹುಡುಕುತ್ತಿದ್ದನಲ್ಲ ಎಂದು ಹೊಳೆದಾಗ, ಕೊಳವೆಗಳನ್ನು ಮೇಜಿನ ಮೇಲಿಟ್ಟು, ಮುಖ ಮುಚ್ಚಿಕೊಂಡು ಅತ್ತಳು. ಹೆದರಿಕೆ ಹೋಗಲಿಲ್ಲ. ಆದರೆ ಅವನಿಲ್ಲದ ಮನೆಯನ್ನು ನೆನೆದಾಗ ಆದ ಹೆದರಿಕೆ ಇದಕ್ಕಿಂತ ದೊಡ್ಡದಾಗಿತ್ತು.

ಕ್ರಿಸ್ಮಸ್ಸಿನ ಹಿಂದಿನ ದಿನ ಮಧ್ಯಾಹ್ನ ಅವಳು ಬೈಂಡಿಂಗ್ ಶಾಪಿಗೆ ಹೋದಳು. ಉಳಿದವರೆಲ್ಲ ಮನೆಗೆ ಹೋಗಿದ್ದರು. ಗೋಂದಿನ ವಾಸನೆಯ ನಡುವೆ ಅವನೊಬ್ಬನೇ ಕೂತು ಪುಟಗಳನ್ನು ಹೊಲಿಯುತ್ತಿದ್ದ. ಕಣ್ಣು ಮುಚ್ಚಿತ್ತು. ಎಡಗೈ ಬೆರಳು ತೂತು ಹುಡುಕುತ್ತಿತ್ತು, ಬಲಗೈ ಸೂಜಿ ತೂರಿಸುತ್ತಿತ್ತು. ಬೆರಳ ತುದಿಗಳಲ್ಲಿ ಚುಚ್ಚಿದ ಕಲೆಗಳು.

ಅವಳು ಪುಟಗಳ ಒಂದು ಕಂತೆ ಮುಗಿಯುವವರೆಗೆ ಸುಮ್ಮನೆ ನಿಂತಳು.

"ಹೊಲಿಗೆ ಸ್ವಲ್ಪ ಸಡಿಲ ಇದೆ," ಎಂದಳು.

ಅವನ ಕೈ ನಿಂತಿತು. ಕಣ್ಣು ತೆರೆದು ಅವಳಿಗಾಗಿ ತಡಕಾಡಿದ. ಅವಳೇ ಬಂದು ಅವನ ನೇರ ಎದುರಿಗೆ, ಕಿಟಕಿಯ ಬೆಳಕಿನಲ್ಲಿ ನಿಂತಳು.

"ಎರಡು ತಿಂಗಳಿಂದ ಅಭ್ಯಾಸ ಮಾಡ್ತಿದ್ದೀನಿ," ಎಂದ. "ಇನ್ನೂ ಬಿಗಿ ಬರ್ತಿಲ್ಲ."

"ಫಾದರ್ ಹತ್ರ ಹೋಗಿದ್ದೆ. ಬರೋ ಭಾನುವಾರ ನಮ್ಮ ಹೆಸರು ಓದಿ ಅಂತ ಹೇಳ್ಬಂದೆ."

"ನನ್ನ ಕೇಳದೇನೇ?"

"ನೀನು ನನ್ನ ಕೇಳಿದ್ಯಾ?"

ಅವನು ಸೂಜಿಯ ದಾರವನ್ನು ಬಿಗಿಯಾಗಿ ಎಳೆದ. "ಕನಿಕರದಿಂದ ಬರಬೇಡ."

"ಕನಿಕರಾನ? ಕುತ್ತಿಗೆ ಹಿಚುಕೋ ಅಷ್ಟು ಸಿಟ್ಟಿದೆ ನಿನ್ನ ಮೇಲೆ." ಅವಳು ಅವನ ಕೈಯಿಂದ ಸೂಜಿ ತೆಗೆದು ಪಕ್ಕಕ್ಕಿಟ್ಟಳು. "ಕೇಳು. ನಂಗೆ ಭಯ ಇದೆ. ಬೇಸರ ಬರೋ ದಿನಗಳು ಬರ್ತಾವೆ. ಬಂದ ದಿನ ಬೇಸರ ಅಂತ ನಿನ್ನ ಮುಖಕ್ಕೇ ಹೇಳ್ತೀನಿ, ನಿಮ್ಮಮ್ಮನ ಹಾಗೆ ನುಂಗಲ್ಲ. ನೀನು ಎಡವಿ ಬಿದ್ದ ದಿನ ಬಿದ್ದೆ ಅಂತ ಹೇಳು. ಮುಚ್ಚಿಟ್ಟೆಯೋ, ಅವತ್ತೇ ಎದ್ದು ಹೋಗ್ತೀನಿ. ಆಗುತ್ತಾ?"

ಅವನ ಕೈ ಮಂಡಿಯ ಮೇಲೆ ಹೋಗಿ ನಿಂತಿತು.

"ನಿನ್ನೆ ಮೆಟ್ಟಿಲಲ್ಲಿ ಬಿದ್ದೆ," ಎಂದ ಕೊನೆಗೆ. "ಮಂಡಿ ಊದಿದೆ."

"ತೋರಿಸು," ಎಂದಳು ಅವಳು, ಅವನ ಮುಂದೆ ಕುಕ್ಕರಗಾಲಿನಲ್ಲಿ ಕೂತು.

ಕ್ರಿಸ್ಮಸ್ಸಿನ ದಿನ ಮೂವರೂ ಊಟ ಮಾಡಿದರು. ಹಿಟ್ಟು, ಬೆಲ್ಲ, ಹೆಚ್ಚು ಹಣ್ಣಾಗಿದ್ದ ಬಾಳೆಹಣ್ಣು ಸೇರಿಸಿ ಮಾಡಿದ ಕೇಕು ನಡುವೆ ತಗ್ಗಾಗಿತ್ತು; ತಗ್ಗು ಕಾಣದಂತೆ ಚಿಕ್ಕಮ್ಮ ಅಲ್ಲಿ ಒಂದು ಹಸಿರೆಲೆ ಇಟ್ಟಿದ್ದಳು. ಸ್ವೆಟರಿನ ಉಣ್ಣೆ ಅವನ ಕೊರಳಿಗೆ ಮಫ್ಲರಾಗಿ ಬಂದಿತ್ತು. ಅಳಿಯನೆಂದು ಕರೆಯಲು ಚಿಕ್ಕಮ್ಮ ಭಾನುವಾರದವರೆಗೆ ಕಾಯಲಿಲ್ಲ. ಊಟವಾದ ಮೇಲೆ ಕುರ್ಚಿಯಲ್ಲೇ ತೂಕಡಿಸಿದಳು.

"ಇನ್ನು ಮೇಲೆ ನಾನಿರೋ ಮನೆ ಇದು," ಎಂದು ಅವನು ಮೆಲ್ಲಗೆ ಹೇಳಿದ. "ಕಾಣೋವಾಗಲೇ ಕಲ್ತುಬಿಡ್ತೀನಿ. ಕರ್ಕೊಂಡು ಹೋಗ್ತೀಯಾ?"

ಅವನು ಕಣ್ಣು ಮುಚ್ಚಿ ಕೈ ಚಾಚಿದ. ಅವಳು ಹಿಡಿದುಕೊಂಡಳು.

"ಇದು ಕಪಾಟಿನ ಮೂಲೆ, ಹುಷಾರು. ಇಲ್ಲಿಂದ ಐದು ಹೆಜ್ಜೆ. ಇದು ನನ್ನ ಮಿಷನ್ನು, ಇದನ್ನ ಮಾತ್ರ ಮುಟ್ಟಬೇಡ. ಇದು ಕೊಡೆ ಹಾಕೋ ಮೊಳೆ. ಇಲ್ಲಿ ಹೊಸ್ತಿಲು, ಕಾಲೆತ್ತು."

ಅವನ ಬೆರಳು ಒಂದೊಂದನ್ನೂ ಸವರಿ, ಹೆಸರಿಟ್ಟು, ಮುಂದೆ ಹೋಗುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಅವಳು ಮಾತು ನಿಲ್ಲಿಸಿದಳು. ಚೌಕಟ್ಟಿಗಾಗಿ ಚಾಚಿದ ಅವನ ಕೈ ಅವಳ ಕೆನ್ನೆಗೆ ತಗುಲಿತು. ಕೆನ್ನೆ ಒದ್ದೆಯಾಗಿತ್ತು.

"ಇದು ಯಾವ ಜಾಗ?" ಎಂದು ಅವನು ಕೇಳಿದ.

"ಇಲ್ಲಿ ನಾನು ನಿಂತಿರ್ತೀನಿ," ಎಂದಳು.

ಯಾವಾಗಲೂ ಎಂದು ಅವಳು ಹೇಳಲಿಲ್ಲ. ಅವನೂ ಕೇಳಲಿಲ್ಲ. ಅವನ ಬೆರಳು ಅವಳ ಕೆನ್ನೆಯಿಂದ ಹುಬ್ಬಿಗೆ, ಹುಬ್ಬಿನಿಂದ ಕಿವಿಗೆ, ಮೊದಲ ಸಲ ಬಂದ ಊರಿನಲ್ಲಿ ನಡೆಯುವವರ ಹಾಗೆ, ಅವಸರವಿಲ್ಲದೆ ಸಾಗಿತು.