ಕಂದು ಕುದುರೆಗೆ ಬಿದ್ದ ಗುಂಡು

ಅಕ್ಟೋಬರ್ ಹನ್ನೊಂದು, ಸೋಮವಾರ ಬೆಳಿಗ್ಗೆ ಐಮಾ ಫ್ರೇಲಿ ಷೆರಿಫ್ ಠಾಣೆಗೆ ನುಗ್ಗಿದಳು. ಬೂಟಿನ ಕೆಸರು ಇನ್ನೂ ಒಣಗಿರಲಿಲ್ಲ.

"ನನ್ನ ಕುದುರೇನ ಯಾವನೋ ಗುಂಡಿಟ್ಟು ಕೊಂದವ್ನೆ. ಅವನ್ನ ಒಳಗೆ ಹಾಕಿ!"

ಸಾರ್ಜೆಂಟ್ ವರ್ನಾ ಟ್ಯಾಕೆಟ್ ದೂರು ಬರೆದುಕೊಂಡಳು. ಐಮಾ ಎರಡು ದಿನ ಮಗಳ ಮನೆಗೆ ಹೋಗಿದ್ದಳು. ಮರಳಿ ಬಂದಾಗ ಕಂದು ಹೆಣ್ಣುಗುದುರೆ ರಸ್ತೆ ಪಕ್ಕದ ಚರಂಡಿಯಲ್ಲಿ ಸತ್ತು ಬಿದ್ದಿತ್ತು.

ವರ್ನಾ ಡೆಪ್ಯುಟಿ ಕ್ಲೇಟನ್‌ನನ್ನು ಕರೆದುಕೊಂಡು ಐಮಾಳ ಜೊತೆ ಹೋಗಿ ಪಂಚನಾಮೆ ಮಾಡಿದಳು. ಬೇಲಿ ಮುರಿದಿತ್ತು. ರಸ್ತೆಯ ಮೇಲೆ ಗಾಡಿಯ ದೀಪದ ಗಾಜು ಚೂರುಚೂರಾಗಿ ಬಿದ್ದಿತ್ತು. ಕುದುರೆಯ ಮುಂಗಾಲಿನ ಮೂಳೆ ಚರ್ಮ ಹರಿದು ಹೊರಬಂದಿತ್ತು. ಹಣೆಯಲ್ಲಿ ಒಂದೇ ಗುಂಡು.

"ಗಾಡಿ ಗುದ್ದಿದವನು ಬೇರೆ, ಗುಂಡು ಹೊಡೆದವನು ಬೇರೆ," ಎಂದಳು ವರ್ನಾ.

ಕುದುರೆಯ ತಲೆಯಡಿ ಯಾರೋ ಕೌದಿ ಮಡಿಸಿ ಇಟ್ಟಿದ್ದರು. ಅದನ್ನು ಎಳೆದು ತೋರಿಸಿದಾಗ ಐಮಾಳ ಸಿಟ್ಟು ಜರ್ರನೆ ಇಳಿಯಿತು.

"ಇದು ಲೊರೀನ್ ಹೊಲಿದಿದ್ದು... ಕಂಪ್ಲೇಂಟ್ ಬೇಡ ಬಿಡಿ."

ಲೊರೀನ್ ತೀರಿಕೊಂಡಿದ್ದಳು. ಅವಳ ಗಂಡ ಓಡೆಲ್ ಸ್ಟೈಡಮ್ ಪಕ್ಕದ ಮನೆಯಲ್ಲಿ ಒಂಟಿಯಾಗಿದ್ದ. ಇಪ್ಪತ್ತರ ವಯಸ್ಸಿನಲ್ಲಿ ಪಿಸ್ತೂಲು ತೋರಿಸಿ ಪೆಟ್ರೋಲ್ ಬಂಕ್ ದೋಚಿ ಜೈಲಿಗೆ ಹೋಗಿ ಬಂದವನು. ಅಂಥವನು ಬಂದೂಕು ಇಟ್ಟುಕೊಳ್ಳುವುದಿರಲಿ, ಮುಟ್ಟುವುದೂ ಕೆಂಟಕಿ ರಾಜ್ಯದಲ್ಲಿ ಅಪರಾಧ.

"ಕುದುರೆ ನಿಂದು, ಐಮಕ್ಕ. ಬಂದೂಕಿನ ಕೇಸು ಸರ್ಕಾರದ್ದು," ಎಂದಳು ವರ್ನಾ.

ಓಡೆಲ್ ಜಗಲಿಯಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದ. ವರ್ನಾ ಮೊದಲು, ಸುಮ್ಮನಿರಲು ಮತ್ತು ವಕೀಲರನ್ನು ಕರೆಸಲು ಅವನಿಗಿರುವ ಹಕ್ಕುಗಳನ್ನು ಓದಿ ಹೇಳಿದಳು. ಅವನು ತಲೆಯಾಡಿಸಿದ.

"ಬಂದೂಕೆಲ್ಲಿ?"

"ಬಾಗಿಲ ಹಿಂದೆ."

"ಯಾರದು?"

"ಲೊರೀನಂದು."

"ಅವಳು ಹೋದ್ಮೇಲೂ ಮನೇಲಿಟ್ಕೊಂಡ್ರೆ ತಪ್ಪು ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಕೊಡೋಕೆ ಮನಸ್ಸು ಬರ್ಲಿಲ್ಲ."

ಕ್ಲೇಟನ್ ತಡೆಯಲಾರದೆ ಬಾಯಿ ಹಾಕಿದ. "ಓಡೆಲಣ್ಣ, ಬೇರೆ ಯಾರೋ ಹೊಡೆದ್ರು, ನೀನು ನೋಡಿದ್ದಷ್ಟೇ. ಹಂಗೇ ತಾನೆ?"

ವರ್ನಾ ಅವನನ್ನು ಗದರಲಿಲ್ಲ. ಬೆಟ್ಟದ ಕಡೆ ನೋಡುತ್ತ ನಿಂತಳು.

"ಇಲ್ಲಪ್ಪ. ನಾನೇ," ಎಂದ ಓಡೆಲ್. "ಪಶುವೈದ್ಯರಿಗೆ ಫೋನ್ ಮಾಡ್ದೆ, ಎತ್ತಲಿಲ್ಲ. ಠಾಣೆಗೆ ಮಾಡ್ದೆ. ಎಲ್ರೂ ಗಣಿ ರಸ್ತೆ ಅಪಘಾತಕ್ಕೆ ಹೋಗವ್ರೆ, ಕಾಯಿ ಅಂದ್ರು. ಅದು ಮೂರು ಕಾಲಲ್ಲಿ ಏಳೋಕೆ ನೋಡ್ತಿತ್ತು ಮೇಡಂ. ಬೀಳೋದು, ಮತ್ತೆ ಏಳೋದು."

ವರ್ನಾ ರೈಫಲನ್ನು ವಶಪಡಿಸಿಕೊಂಡು ಮೊಹರು ಹಾಕಿದಳು. ಓಡೆಲ್‌ನ ಕೈಗೆ ಕೋಳವನ್ನು ಬೆನ್ನ ಹಿಂದೆ ಹಾಕದೆ ಮುಂದೆಯೇ ಹಾಕಿದಳು.

ಗೇಟಿನ ಬಳಿ ಐಮಾ ಅಡ್ಡ ನಿಂತಿದ್ದಳು. "ನಾನು ಮನೇಲಿದ್ದಿದ್ರೆ ನಾನೇ ಹೊಡೀತಿದ್ದೆ. ನನ್ನ ಯಾರಾದ್ರೂ ಹಿಡ್ಕೊಂಡು ಹೋಗ್ತಿದ್ರಾ?"

"ಇಲ್ಲ. ಜಡ್ಜ್ ಮುಂದೆ ಬಂದು ಇದೇ ಮಾತು ಹೇಳು, ಐಮಕ್ಕ," ಎಂದಳು ವರ್ನಾ. "ಖಂಡಿತ ಬಾ."

ಐಮಾ ದಾರಿ ಬಿಟ್ಟಳು.

ಗಾಡಿ ಹೊಳೆ ದಾಟಿತು. ವರ್ನಾ ಕೇಳಿದಳು, "ಮತ್ತೆ ಜೈಲು ಅಂತ ಗೊತ್ತಿದ್ದೂ ಯಾಕೆ ಹೊಡೆದೆ?"

ಓಡೆಲ್ ಹೇಳಿದ. "ಜೈಲಲ್ಲಿ ಪಕ್ಕದ ಕೋಣೆಯವನು ಹೊಟ್ಟೆನೋವು ಅಂತ ಕೂಗಿ ಕೂಗಿ ಸತ್ತ. ಯಾರೂ ಬರ್ಲಿಲ್ಲ. ನಾನು ಗೋಡೆ ಈಚೆ ಕೂತು ಕೇಳ್ತಿದ್ದೆ." ಅವನು ಕಿಟಕಿಯತ್ತ ತಿರುಗಿದ. "ನಿನ್ನೆ ಆ ಕುದುರೆಗೂ ನಂಗೂ ಮಧ್ಯೆ ಗೋಡೆ ಇರ್ಲಿಲ್ಲ, ಮೇಡಂ."