ಹಳದಿಗೆ ತಿರುಗಿದ ಪ್ಲಾಟಿನಂ

೨೦೧೯ರ ಜುಲೈ ೨೨, ಸೋಮವಾರ. ಬೆಳಿಗ್ಗೆ ೯ ಗಂಟೆ ೪೦ ನಿಮಿಷಕ್ಕೆ ನೋರ್ಮಾ ಬೊಕ್ಕಲಾತ್ತೆ ಎಂಬ ಅರವತ್ತೊಂದು ವರ್ಷದ ವಿಧವೆ ವಲೆಂಜಾ ಠಾಣೆಯ ಮೆಟ್ಟಿಲು ಹತ್ತಿ ಬಂದಳು. ಠಾಣಾಧಿಕಾರಿ ಮಾರ್ಷಲ್ ಸಾವೆರಿಯೊ ಕಲಾಂದ್ರನ ಮೇಜಿನ ಮೇಲೆ ಇಸ್ತ್ರಿ ಮಾಡಿದ ಕರವಸ್ತ್ರ ಬಿಚ್ಚಿಟ್ಟಳು. ಒಳಗೆ ಒಂಟಿ ವಜ್ರದ ಉಂಗುರವಿತ್ತು.

"ನನ್ನ ಮಗಳು ಗ್ರೇತಾಳ ನಿಶ್ಚಿತಾರ್ಥದ ಉಂಗುರ. ಒಳಗಡೆ ಏನು ಮುದ್ರೆ ಹೊಡೆದಿದೆ ಓದಿ ಮಾರ್ಷಲ್ರೇ."

ಕಲಾಂದ್ರ ಕನ್ನಡಕ ಏರಿಸಿ ಓದಿದ. ಪ್ಲಾಟಿನಂ ೯೫೦. ಪಕ್ಕದಲ್ಲಿ ಕಸುಬುದಾರನ ಸಂಖ್ಯೆ.

"ಈಗ ಕೆಳಗಿನ ಅಂಚು ನೋಡಿ. ಬಣ್ಣ ಯಾವುದು?"

"ಸ್ವಲ್ಪ ಹಳದಿ ಇದ್ದ ಹಾಗಿದೆ."

"ಸ್ವಲ್ಪ ಅಲ್ಲ, ಬೇಕಾದಷ್ಟಿದೆ. ಪ್ಲಾಟಿನಂ ಹಳದಿಯಾಗಲ್ಲ. ಇದು ಬಿಳಿ ಚಿನ್ನ, ಬೆಳ್ಳಗೆ ಹೊಳೀಲಿ ಅಂತ ಮೇಲೆ ರೋಡಿಯಂ ಬಳಿದಿದಾನೆ. ಮೂರು ತಿಂಗಳಿಗೇ ಸವೆದು ಬಣ್ಣ ಬಯಲಾಯ್ತು. ಮಾಡಿದವನು ಬೇರೆ ಯಾರೂ ಅಲ್ಲ, ನನ್ನ ಅಳಿಯ ಆಗಬೇಕಾದ ಎಲಿಯೊ ದೆಯಾಂಬ್ರೋಜಿ. ಬರ್ಕೊಳ್ಳಿ."

ಕಲಾಂದ್ರ ಬರೆದುಕೊಂಡ. ಸುಳ್ಳು ಮುದ್ರೆ, ವಂಚನೆ. ೧೦ ಗಂಟೆ ೨೫ ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ನೋರ್ಮಾ ಪ್ರತಿ ಪುಟಕ್ಕೂ ನಿಧಾನವಾಗಿ ಸಹಿ ಮಾಡಿ, ಪೆನ್ನಿಗೆ ಮುಚ್ಚಳ ಹಾಕಿ, ಕರವಸ್ತ್ರ ಮಾತ್ರ ಮಡಚಿಕೊಂಡು ಹೋದಳು.

ಅವಳು ಹೋದ ಮೇಲೆ ಹೆಡ್ ಕಾನ್‌ಸ್ಟೆಬಲ್ ದೊನಾತಾ ಪಜೆಲ್ಲಾ ಉಂಗುರವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅವಳ ಅಪ್ಪ ನಲವತ್ತು ವರ್ಷ ಆಭರಣಕ್ಕೆ ಕಲ್ಲು ಕೂರಿಸಿದವನು. ಕಲಾಂದ್ರ ದಕ್ಷಿಣದ ಕಲಾಬ್ರಿಯಾದವನು. ಈ ಅಕ್ಕಸಾಲಿಗರ ಊರಿಗೆ ಬಂದು ಹನ್ನೊಂದು ವರ್ಷವಾದರೂ ದೊನಾತಾಳ ಲೆಕ್ಕದಲ್ಲಿ ಅವನು ನಿನ್ನೆ ಬಸ್ಸಿಳಿದವನೇ.

"ಬಿಳಿ ಚಿನ್ನಾನೇ ಸಾರ್. ಅನುಮಾನವೇ ಇಲ್ಲ."

"ಎರಡೂ ಬೆಳ್ಳಗೇ ಇರ್ತವಲ್ಲ. ಇದಕ್ಕೋಸ್ಕರ ಒಬ್ಬನ ಮದುವೆ ಮುರಿಬೇಕಾ?"

"ಅಯ್ಯೋ ಸಾರ್, ಹೊರಗೆ ಹೋಗಿ ಇದೇ ಮಾತು ಹೇಳ್ಬೇಡಿ, ಕಾಫಿ ಅಂಗಡೀಲಿ ನಿಮಗೆ ನೀರೂ ಕೊಡಲ್ಲ! ಬಿಳಿ ಚಿನ್ನ ಅಂತ ಹೇಳಿ ಬಿಳಿ ಚಿನ್ನ ಕೊಟ್ರೆ ಯಾರೂ ಕೇಳಲ್ಲ. ಪ್ಲಾಟಿನಂ ಅಂತ ಮುದ್ರೆ ಹೊಡೆದು ಬಿಳಿ ಚಿನ್ನ ಕೊಟ್ಟವನಿಗೆ ಈ ಊರಲ್ಲಿ ಒಂದು ಕಿವಿಯೋಲೆ ಬೆಸೆಯೋ ಕೆಲಸವೂ ಸಿಗಲ್ಲ. ಮದುವೆ ಬಿಡಿ, ಅವನ ಅನ್ನಾನೇ ಹೋಯ್ತು."

೧೧ ಗಂಟೆ ೧೫ ನಿಮಿಷಕ್ಕೆ ಇಬ್ಬರೂ ಎಲಿಯೊನ ಕಾರ್ಖಾನೆಗೆ ಹೋದರು. ಕಾರ್ಖಾನೆ ಎಂದರೆ ಒಂದೇ ಕೋಣೆ, ಎರಡು ಕೆಲಸದ ಪೀಠ, ಒಂದು ಊದುಕೊಳವೆ. ಎಲಿಯೊಗೆ ಇಪ್ಪತ್ತೊಂಬತ್ತು ವರ್ಷ. ಪೊಲೀಸರ ಮುಖ ನೋಡಿದ್ದೇ ಕೈಯಲ್ಲಿದ್ದ ಅರವನ್ನು ಪೀಠದ ಮೇಲೆ ಬಿಟ್ಟ.

"ಈ ಉಂಗುರ ನೀನು ಮಾಡಿದ್ದಾ?"

ಎಲಿಯೊ ತಿರುಗಿಸಿ ನೋಡಿದ. "ನಾನು ಮಾಡಿದ್ದೇ... ಹೌದು."

"ಯಾವ ಲೋಹ?"

"ಪ್ಲಾಟಿನಂ."

"ಗ್ರೇತಾನೇ ಪ್ಲಾಟಿನಂ ಕೇಳಿದ್ದಾ?"

"ಇಲ್ಲ ಸಾರ್. ಗ್ರೇತಾ ಬಿಳಿ ಚಿನ್ನ ಸಾಕು ಅಂದ್ಲು. ಅವಳು ಪಶುವೈದ್ಯರ ಹತ್ರ ಕೆಲಸ ಮಾಡೋದು, ದಿನಕ್ಕೆ ಇಪ್ಪತ್ತು ಸಲ ಕೈ ತಿಕ್ಕಬೇಕು. ಬಿಳಿ ಚಿನ್ನ ಆದ್ರೆ ವರ್ಷ ವರ್ಷ ಬಣ್ಣ ಬಳಿಸ್ಬೇಕು. ಬಣ್ಣ ಬಳಿಸೋ ವಸ್ತು ಬೇಡ ಕಣೇ ಅಂದೆ. ಪ್ಲಾಟಿನಂಗೆ ಗೀರು ಬೀಳುತ್ತೆ, ಬೀಳ್ಲಿ. ಒಳಗೂ ಹೊರಗೂ ಒಂದೇ ಇರುತ್ತಲ್ಲ."

"ಮತ್ತೆ ಇದು ಯಾಕೆ ಹಳದಿ?"

ಎಲಿಯೊ ಉಂಗುರವನ್ನು ಮತ್ತೆ ಬೆಳಕಿಗೆ ಹಿಡಿದ. ಕಣ್ಣಲ್ಲಿ ನೀರು ತುಂಬಿತು. ಕಲಾಂದ್ರನಿಗೆ ಅಯ್ಯೋ ಅನಿಸಿತು. ಆದರೂ ಕೆಲಸ ಕೆಲಸವೇ. ಇಬ್ಬರು ನೆರೆಯವರನ್ನು ಪಂಚರಾಗಿ ಕರೆಸಿ, ಎಲಿಯೊನ ಸಂಖ್ಯೆ ಹೊಡೆಯುವ ಮುದ್ರೆಯುಳಿಯನ್ನು ಪಂಚನಾಮೆ ಬರೆದು ವಶಪಡಿಸಿಕೊಂಡ. ಪಂಚರಲ್ಲಿ ಒಬ್ಬ ಸಹಿ ಹಾಕುವಾಗ ಎಲಿಯೊನ ಕಡೆ ನೋಡಲೂ ಇಲ್ಲ. ಸಂಜೆಯೊಳಗೆ ಮೂರು ಅಂಗಡಿಯವರು ಬಂದು ತಮ್ಮ ತಮ್ಮ ಕೆಲಸ ವಾಪಸು ತೆಗೆದುಕೊಂಡು ಹೋದರು. ಸೆಪ್ಟೆಂಬರ್ ೧೪ಕ್ಕೆ ಮದುವೆ ನಿಗದಿಯಾಗಿತ್ತು.

ಮಂಗಳವಾರ ಬೆಳಿಗ್ಗೆ ಅಲೆಸ್ಸಾಂಡ್ರಿಯಾದ ಪ್ರಯೋಗಾಲಯದಿಂದ ಉಂಗುರದ ಜೊತೆ ವರದಿ ಬಂತು. ಮುಕ್ಕಾಲು ಪಾಲು ಚಿನ್ನ, ಉಳಿದದ್ದು ಪಲ್ಲಾಡಿಯಂ ಮತ್ತು ಬೆಳ್ಳಿ. ಪ್ಲಾಟಿನಂ ಸುಳಿವೇ ಇಲ್ಲ. ಕಲಾಂದ್ರ ವರದಿಯನ್ನು ಕಡತಕ್ಕೆ ಸೇರಿಸಿ, ಇನ್ನೇನು ಮುಗಿಯಿತು ಅಂದುಕೊಂಡ. ಅಷ್ಟರಲ್ಲಿ ಗ್ರೇತಾ ಬಂದಳು. ಇಪ್ಪತ್ತೇಳರ ಹುಡುಗಿ, ತೋಳಿನ ತುಂಬ ಬೆಕ್ಕು ಪರಚಿದ ಗೀರು.

"ನಿಮಗೆ ಬೇರೆ ಕೆಲಸ ಇಲ್ವಾ? ಅವನು ಸುಳ್ಳು ಹೇಳೋ ಜಾತಿಯವನಲ್ಲ."

"ಲೋಹ ಹೇಳ್ತಿದೆಯಲ್ಲ ತಾಯಿ."

"ಲೋಹ ಏನಾದ್ರೂ ಹೇಳ್ಲಿ! ಅಮ್ಮ ದಿನಾ ಕೂರಿಸ್ಕೊಂಡು ಹೇಳ್ತಾಳೆ, ಮದುವೆಗೆ ಮುಂಚೆ ಗೊತ್ತಾಯ್ತಲ್ಲ, ಬಿಟ್ಬಿಡು ಅಂತ. ನಾನು ಬಿಡಲ್ಲ."

"ಸಿಟ್ಟು ಆಮೇಲೆ. ಕೂತ್ಕೋ," ಅಂದ ಕಲಾಂದ್ರ. "ಉಂಗುರದಲ್ಲಿ ಏನಾದ್ರೂ ಬದಲಾವಣೆ ಕಂಡಿತ್ತಾ? ಬಣ್ಣ ಬಿಟ್ಟು?"

ಗ್ರೇತಾ ಯೋಚಿಸಿದಳು. "ಬಿಗಿ ಆಗಿತ್ತು. ಸೆಕೆಗೆ ಬೆರಳು ಊದಿದೆ ಅಂದ್ಕೊಂಡೆ."

"ಯಾವಾಗಿಂದ?"

"ಈಸ್ಟರ್ ಆದ್ಮೇಲೆ."

"ಈಸ್ಟರ್ ಏಪ್ರಿಲ್‌ನಲ್ಲಿ. ಆಗ ಎಲ್ಲಿ ಸೆಕೆ? ಹೀಟರ್ ಹಾಕಿದ್ವಿ," ಅಂದಳು ದೊನಾತಾ.

ದೊನಾತಾ ಆಗಲೇ ಡ್ರಾಯರಿನಿಂದ ಉಂಗುರ ತೂರಿಸಿ ನೋಡುವ ಬೆರಳಳತೆಯ ಕೋಲು ತೆಗೆದಿದ್ದಳು. ಈ ಊರಿನ ಠಾಣೆಯಲ್ಲಿ ಲಾಠಿ ಹುಡುಕಬೇಕಾಗಬಹುದು, ಬೆರಳಳತೆಯ ಕೋಲು ಯಾವತ್ತೂ ಕೈಗೆ ಸಿಗುತ್ತದೆ. ಎಲಿಯೊ ಮಾಡಿದ ಉಂಗುರ ಹದಿನಾಲ್ಕರ ಅಳತೆ ಅಂದಳು ಗ್ರೇತಾ. ಮೇಜಿನ ಮೇಲಿದ್ದದ್ದು ಹದಿಮೂರಕ್ಕೇ ನಿಂತಿತು.

"ಸಾರ್, ಉಂಗುರ ಚಿಕ್ಕದಾಗಿದೆ!" ದೊನಾತಾ ಕೂಗಿದ ರಭಸಕ್ಕೆ ಕಾವಲಿನವನು ಒಳಗೆ ಇಣುಕಿದ.

"ಚಿಕ್ಕದಾದ್ರೆ?"

"ಒಂದು ಉಂಗುರದಿಂದ ರಬ್ಬರ್ ಅಚ್ಚು ತೆಗೆದು ಇನ್ನೊಂದು ಎರಕ ಹೊಯ್ದರೆ, ಎರಡನೇದು ಕೂದಲೆಳೆಯಷ್ಟು ಕುಗ್ಗುತ್ತೆ. ಯಾವಾಗ್ಲೂ. ಇದು ಎಲಿಯೊನ ಉಂಗುರ ಅಲ್ಲ ಸಾರ್, ಅದರ ನಕಲು."

ಭೂತಗನ್ನಡಿಯಲ್ಲಿ ಮುದ್ರೆ ನೋಡಿದರು. ವಶಪಡಿಸಿಕೊಂಡ ಉಳಿಯನ್ನು ಒಂದು ತವರದ ಚೂರಿನ ಮೇಲೆ ಹೊಡೆದು ಪಕ್ಕದಲ್ಲಿಟ್ಟರು. ಉಳಿಯಿಂದ ಹೊಡೆದ ಅಂಕಿಗಳ ಅಂಚು ಚೂಪಾಗಿತ್ತು. ಉಂಗುರದಲ್ಲಿದ್ದ ಅಂಕಿಗಳು ಬಾಯಲ್ಲಿಟ್ಟು ಚೀಪಿದ ಪೆಪ್ಪರಮಿಂಟಿನಂತೆ ಸವೆದು ದುಂಡಗಿದ್ದವು. ಆ ಮುದ್ರೆಯನ್ನು ಯಾರೂ ಹೊಡೆದದ್ದಲ್ಲ, ಎರಕದಲ್ಲೇ ಮೂಡಿದ್ದು. ಕಲಾಂದ್ರನಿಗೆ ಅಂದು ಮೊದಲ ಸಲ ಹಸಿವಾಯಿತು.

ಮಧ್ಯಾಹ್ನ ೨ ಗಂಟೆ ೩೦ ನಿಮಿಷಕ್ಕೆ ಎಲಿಯೊನನ್ನು ಮತ್ತೆ ಕರೆಸಿದರು. ಈ ಸಲ ಭೂತಗನ್ನಡಿಯನ್ನು ಅವನ ಕೈಗೇ ಕೊಟ್ಟರು.

"ಇದು ನಿನ್ನ ಕೆಲಸ ಅಲ್ಲ ಅಂತ ನಮಗೆ ಗೊತ್ತಾಗಿದೆ. ಯಾರ ಕೆಲಸ ಅಂತ ನೋಡಿ ಹೇಳು."

ಎಲಿಯೊ ಉಸಿರು ಬಿಟ್ಟು, ಕಣ್ಣೊರೆಸಿಕೊಂಡು, ಬಹಳ ಹೊತ್ತು ನೋಡಿದ. ಕಲ್ಲು ತನ್ನದೇ, ಆದರೆ ಯಾರೋ ಕಿತ್ತು ಮತ್ತೆ ಕೂರಿಸಿದ್ದಾರೆ ಅಂದ. ಆಮೇಲೆ ಉಂಗುರವನ್ನು ಬೋರಲು ಹಾಕಿ ಕಲ್ಲಿನ ಕೆಳಗಿನ ತೂತುಗಳನ್ನು ನೋಡಿ ಭೂತಗನ್ನಡಿ ಕೆಳಗಿಟ್ಟ.

"ಏನಯ್ಯಾ?"

"ಹೇಳೋಕೆ ನಾಚಿಕೆ ಆಗುತ್ತೆ ಸಾರ್. ಈ ತೂತುಗಳ ಒಳಗೋಡೆ ಇಷ್ಟು ಚೆನ್ನಾಗಿ ನಾನು ಯಾವತ್ತೂ ಹೊಳಪು ಮಾಡಿಲ್ಲ. ಯಾರಿಗೂ ಕಾಣಲ್ಲ ಅಂತ ಬಿಟ್ಬಿಡ್ತೀವಿ. ಇಲ್ಲಿ ದಾರ ತೂರಿಸಿ ಒಂದೊಂದನ್ನೂ ಎಳೆದು ಉಜ್ಜಿದಾರೆ."

ದೊನಾತಾ ಮತ್ತು ಕಲಾಂದ್ರ ಮುಖ ಮುಖ ನೋಡಿಕೊಂಡರು. ದಾರ ಎಳೆದು ಹೊಳಪು ಮಾಡುವುದು ಊರಿನ ಹಳೆಯ ಹೊಳಪುಗಾರ ಹೆಂಗಸರ ಕೆಲಸ. ಅಂಥವರು ಈಗ ಆರೇಳು ಮಂದಿ ಉಳಿದಿರಬಹುದು. ಅವರಲ್ಲಿ ಒಬ್ಬಳು ಮೂವತ್ತೊಂದು ವರ್ಷ ಕೆಲಸ ಮಾಡಿ ಮೂರು ವರ್ಷದ ಹಿಂದೆ ನಿವೃತ್ತಳಾಗಿದ್ದಳು. ನಿನ್ನೆ ಬೆಳಿಗ್ಗೆ ಇದೇ ಕುರ್ಚಿಯಲ್ಲಿ ಕೂತು ದೂರು ಬರೆಸಿದ್ದೂ ಅವಳೇ.

"ಗ್ರೇತಾ ಈಸ್ಟರ್‌ಗೆ ಎಲ್ಲಿಗೆ ಹೋಗಿದ್ಲು?"

"ಸಮುದ್ರಕ್ಕೆ, ಗೆಳತಿಯರ ಜೊತೆ," ಅಂದ ಎಲಿಯೊ. "ನಾಲ್ಕು ದಿನ. ಉಂಗುರ ನೀರಿಗೆ ಬಿದ್ದೀತು ಅಂತ..." ಅವನು ಉಂಗುರವನ್ನು ಮೇಜಿನ ಮೇಲಿಟ್ಟ. "ಅಮ್ಮನ ಹತ್ರ ಬಿಟ್ಟು ಹೋಗಿದ್ಲು ಸಾರ್. ತೊಳೆದಿಡು ಅಂತ."

ಬುಧವಾರ, ಜುಲೈ ೨೪. ಶೋಧನಾ ಆದೇಶ ಹಿಡಿದುಕೊಂಡು ೮ ಗಂಟೆ ೫೦ ನಿಮಿಷಕ್ಕೆ ನೋರ್ಮಾಳ ಮನೆಗೆ ಹೋದರು. ಇಬ್ಬರು ಪಂಚರು ಜೊತೆಗಿದ್ದರು, ಅವರಲ್ಲಿ ಒಬ್ಬ ಸೋಮವಾರದವನೇ. ನೋರ್ಮಾ ಒಂದಿಷ್ಟೂ ಅಳುಕದೆ ಕಾಫಿ ಇಟ್ಟಳು.

"ಹುಡುಕಿ ಮಾರ್ಷಲ್ರೇ. ಹಾಸಿಗೆ ಕೆಳಗೂ ನೋಡಿ, ಧೂಳು ಹೊಡೆದ ಹಾಗಾಗುತ್ತೆ."

"ಕೆಳಗೆ ಹೊಳಪು ಮಾಡೋ ಪೀಠ ಇದೆಯಂತಲ್ಲ."

"ಇದೆ. ಮೂರು ವರ್ಷ ಆಯ್ತು ಮುಟ್ಟಿ."

ನೆಲಮಾಳಿಗೆಯಲ್ಲಿ ಎಲ್ಲ ಒಪ್ಪವಾಗಿತ್ತು. ಹೊಳಪಿನ ಚಕ್ರಕ್ಕೆ ಬಟ್ಟೆ ಹೊದಿಸಿತ್ತು. ದಾರದ ಉಂಡೆಗಳು ಡಬ್ಬಿಯಲ್ಲಿ ಒಣಗಿದ್ದವು. ಅಚ್ಚಿಲ್ಲ, ರಬ್ಬರಿಲ್ಲ, ಉಂಗುರವಿಲ್ಲ. ಒಂದು ಗಂಟೆ ಹುಡುಕಿದ ಮೇಲೆ ಕಲಾಂದ್ರ ಕುತ್ತಿಗೆ ಒರೆಸಿಕೊಂಡು ಮೆಟ್ಟಿಲ ಮೇಲೆ ಕುಳಿತ. ನೋರ್ಮಾ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು, ತುಟಿಯ ಕೊನೆಯಲ್ಲಿ ಸಣ್ಣ ನಗು ಇತ್ತು.

ದೊನಾತಾ ಮಾತ್ರ ಮೂಲೆಯ ತೊಟ್ಟಿಯ ಮುಂದೆ ಮಂಡಿಯೂರಿದ್ದಳು. ಅದು ಆ ಊರಿನ ಎಲ್ಲ ಕಸುಬಿನ ಮನೆಯಲ್ಲೂ ಇರುವಂಥ ತೊಟ್ಟಿ, ಕೈ ತೊಳೆಯಲಿಕ್ಕೆ. ನೀರು ಮೋರಿಗೆ ಹೋಗದೆ ಕೆಳಗಿನ ಡ್ರಮ್ಮಿಗೆ ಇಳಿಯುತ್ತದೆ. ಕೈಗಂಟಿದ ಚಿನ್ನದ ಪುಡಿ ತಳದಲ್ಲಿ ಕೆಸರಾಗಿ ಕೂರುತ್ತದೆ. ಆಗಸ್ಟ್ ರಜೆಗೆ ಮುಂಚೆ ಕರಗಿಸುವವರ ಗಾಡಿ ಬಂದು ಒಯ್ಯುತ್ತದೆ.

"ನೋರ್ಮಕ್ಕಾ, ಮೂರು ವರ್ಷದಿಂದ ಮುಟ್ಟಿಲ್ಲ ಅಂದ್ರಿ."

"ಹ್ಞೂಂ."

"ಮತ್ತೆ ಈ ಕೆಸರು ಯಾಕೆ ಕೆಂಪಗಿದೆ?"

ದೊನಾತಾ ಡ್ರಮ್ಮಿನ ಮುಚ್ಚಳ ತೆಗೆದಿದ್ದಳು. ಕೆಳಗೆ ಹಳೆಯ ಕೆಸರು ಬಿರುಕು ಬಿಟ್ಟು ಬೂದು ಬಣ್ಣಕ್ಕೆ ಒಣಗಿತ್ತು. ಅದರ ಮೇಲೆ ಒಂದು ಬೆರಳು ದಪ್ಪ ಹೊಸ ಕೆಸರು, ಹೊಳಪಿನ ಕೆಂಪು ಪುಡಿ ಕಲೆಸಿದ್ದು, ಬಿಳಿ ಲೋಹದ ಚೂರು ಅಲ್ಲಲ್ಲಿ ಮಿನುಗುತ್ತಿತ್ತು. ಪಂಚರಿಬ್ಬರೂ ಬಗ್ಗಿ ನೋಡಿದರು. ಇಬ್ಬರೂ ಕಸುಬಿನವರು, ಅವರಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

"ಒಂದೇ ಒಂದು ಸಲ ಅಡುಗೆಮನೆ ನಲ್ಲೀಲಿ ಕೈ ತೊಳೆದಿದ್ರೆ ಆಗ್ತಿತ್ತಲ್ಲ, ಅಕ್ಕಾ," ಅಂದಳು ದೊನಾತಾ ಮೆಲ್ಲಗೆ.

ನೋರ್ಮಾಳಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಅಡುಗೆಮನೇಲಾ? ಕೈ ತುಂಬ ಚಿನ್ನ ಇಟ್ಕೊಂಡಾ?"

ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವಳಿಗೆ ಗೊತ್ತಾಯಿತು. ನಗು ಇಳಿದುಹೋಯಿತು. ಕಲಾಂದ್ರ ಎದ್ದು ನಿಂತ. ಅವಳೇ ಮೇಲೆ ಹೋಗಿ, ಮಲಗುವ ಕೋಣೆಯ ಕಪಾಟಿನಿಂದ ಸಣ್ಣ ಪೆಟ್ಟಿಗೆ ತಂದು ಅವನ ಅಂಗೈಗೆ ಇಟ್ಟಳು. ಅದರಲ್ಲಿ ಎರಡು ಉಂಗುರಗಳಿದ್ದವು. ಒಂದು ಕಲ್ಲಿಲ್ಲದ ಉಂಗುರ, ಹದಿನಾಲ್ಕರ ಅಳತೆ, ಅಂಚು ಚೂಪಾದ ಮುದ್ರೆ, ಕೈಗೆ ಇಟ್ಟೊಡನೆ ಭಾರ ತಿಳಿಯುವಂಥದ್ದು. ಇನ್ನೊಂದು ಅವಳದೇ ಹಳೆಯ ನಿಶ್ಚಿತಾರ್ಥದ ಉಂಗುರ.

೧೦ ಗಂಟೆ ೪೦ ನಿಮಿಷಕ್ಕೆ ಮಹಜರು ಮುಗಿಯಿತು. ಸುಳ್ಳು ದೂರು ಕೊಟ್ಟು ನಿರಪರಾಧಿಯ ಮೇಲೆ ಅಪರಾಧ ಹೊರಿಸಿದ ಆರೋಪದಲ್ಲಿ ನೋರ್ಮಾ ಬೊಕ್ಕಲಾತ್ತೆಯನ್ನು ಬಂಧಿಸಲಾಯಿತು. ವಯಸ್ಸು ನೋಡಿ ನ್ಯಾಯಾಧೀಶರು ಮಧ್ಯಾಹ್ನವೇ ಗೃಹಬಂಧನ ಸಾಕು ಎಂದರು. ಪಕ್ಕದೂರಿನ ಎರಕದವನೂ ಫೋನಿನಲ್ಲಿ ಒಪ್ಪಿಕೊಂಡ, ಏಪ್ರಿಲ್‌ನಲ್ಲಿ ಅವಳು ತಂದ ಅಚ್ಚಿಗೆ ಬಿಳಿ ಚಿನ್ನ ಹೊಯ್ದುಕೊಟ್ಟದ್ದು ತಾನೇ ಎಂದು.

ವಲೆಂಜಾದಲ್ಲಿ ಸುದ್ದಿಗೆ ಕಾಲು ಬೇಕಿಲ್ಲ, ಪಂಚರಿಗೆ ಬಾಯಿದ್ದರೆ ಸಾಕು. ಸಂಜೆ ನಾಲ್ಕಕ್ಕೆ ಎಲಿಯೊ ತನ್ನ ಮುದ್ರೆಯುಳಿಯನ್ನೂ ಕಲ್ಲಿಲ್ಲದ ಉಂಗುರವನ್ನೂ ಬಿಡಿಸಿಕೊಂಡು ಠಾಣೆಯಿಂದ ಹೊರಬಂದಾಗ ಚೌಕದ ತುಂಬ ಜನ ನಿಂತಿದ್ದರು. ಅರ ಹಿಡಿದು ಕಪ್ಪಾದ ಬೆರಳುಗಳ ಗಂಡಸರು, ಕೆಂಪು ಪುಡಿ ಮೆತ್ತಿದ ಮೇಲಂಗಿಯ ಹೆಂಗಸರು. ಮೊದಲು ಒಬ್ಬ ಚಪ್ಪಾಳೆ ತಟ್ಟಿದ. ಆಮೇಲೆ ಎಲ್ಲರೂ. ಸೋಮವಾರ ಕೆಲಸ ವಾಪಸು ತೆಗೆದುಕೊಂಡು ಹೋದ ಮೂವರೂ ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ಪೊಟ್ಟಣ ಹಿಡಿದು ನಿಂತಿದ್ದರು.

"ಏನ್ರೋ, ಕೆಲಸ ವಾಪಸು ತಂದ್ರಾ?" ಎಲಿಯೊನ ಪಕ್ಕದಲ್ಲಿದ್ದ ಗ್ರೇತಾ ಕೇಳಿದಳು. "ಸೆಪ್ಟೆಂಬರ್‌ವರೆಗೂ ಅವನಿಗೆ ಪುರುಸೊತ್ತಿಲ್ಲ. ಮದುವೆ ಇದೆ."

ಜನ ಹೋ ಎಂದು ನಕ್ಕರು. ಸೋಮವಾರ ಕಣ್ಣೆತ್ತಿ ನೋಡದ ಪಂಚ ಮುಂದೆ ಬಂದು ಎಲಿಯೊನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಗ್ರೇತಾ ಕಲ್ಲಿಲ್ಲದ ಉಂಗುರವನ್ನು ಹಾಗೆಯೇ ಬೆರಳಿಗೆ ಏರಿಸಿಕೊಂಡಳು. ಅದು ಎಲ್ಲೂ ಹಿಡಿಯದೆ ಸಲೀಸಾಗಿ ಕೂತಿತು. ಕಲ್ಲು ನಾಳೆ ಕೂರಿಸ್ತೀನಿ ಅಂತ ಎಲಿಯೊ ಹೇಳುತ್ತಿದ್ದುದು ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಕಿಟಕಿಯಲ್ಲಿ ನಿಂತಿದ್ದ ಕಲಾಂದ್ರನಿಗೆ ಈ ಊರಿನ ಹನ್ನೊಂದು ವರ್ಷದ ನೌಕರಿಯಲ್ಲಿ ಇಷ್ಟು ಸಂತೋಷವಾದ ದಿನ ನೆನಪಿರಲಿಲ್ಲ. ದೊನಾತಾಳ ಬೆನ್ನು ತಟ್ಟಿದ. ಅವಳು "ಕೈ ಮೆತ್ತಗಿಡಿ ಸಾರ್" ಅಂದಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಕಲಾಂದ್ರ ನೋರ್ಮಾಳ ಮನೆಗೇ ಹೋಗಿ ಹೇಳಿಕೆ ಬರೆದುಕೊಂಡ.

"ನಿಮ್ಮ ಗಂಡ ಕೊಟ್ಟ ಉಂಗುರವನ್ನೂ ಪರೀಕ್ಷೆ ಮಾಡಿಸಿದೆ. ಬಿಳಿ ಚಿನ್ನ."

"ಗೊತ್ತು. ಪ್ಲಾಟಿನಂ ಅಂತ ಹೇಳಿ ಕೊಟ್ಟಿದ್ದ. ಮದುವೆಯಾದ ಎರಡನೇ ವರ್ಷ ಹಳದಿಯಾಯ್ತು. ಕೇಳಲಿಲ್ಲ. ಯಾರಿಗೂ ಗೊತ್ತಾಗಬಾರದು ಅಂತ ವರ್ಷಕ್ಕೊಂದು ಸಲ ನಾನೇ ಕದ್ದು ರೋಡಿಯಂ ಬಳಿದುಕೊಂಡೆ. ಇಪ್ಪತ್ತೆಂಟು ಸಲ. ಅವನು ಸಾಯೋವರೆಗೂ."

"ಹಾಗಾಗಿ ಎಲಿಯೊನೂ ಮೋಸ ಮಾಡಿದಾನೆ ಅಂತ ಅನುಮಾನ ಬಂತು."

"ಬಂತು. ಅದಕ್ಕೇ ಈಸ್ಟರ್‌ನಲ್ಲಿ ಚಕ್ರಕ್ಕೆ ಹಿಡಿದು ನೋಡಿದೆ. ಪ್ಲಾಟಿನಂ ಚಕ್ರಕ್ಕೆ ಜಗ್ಗುತ್ತೆ ಮಾರ್ಷಲ್ರೇ, ಚಿನ್ನದ ಹಾಗೆ ಜಾರಲ್ಲ. ಕೈಗೆ ತಿಳಿಯುತ್ತೆ." ಅವಳು ತನ್ನ ಬರಿಬೆರಳನ್ನು ಉಜ್ಜಿಕೊಂಡಳು. "ಜಗ್ಗಿತು. ನನ್ನದು ಯಾವತ್ತೂ ಜಗ್ಗಿರಲಿಲ್ಲ."

ಕಲಾಂದ್ರ ಠಾಣೆಗೆ ಮರಳಿ ಅಂತಿಮ ವರದಿ ತೆರೆದ. ಅಪರಾಧದ ಪ್ರೇರಣೆ ಎಂಬ ಅಂಕಣದಲ್ಲಿ ಮೊದಲು "ಅನುಮಾನ" ಎಂದು ಬರೆದಿದ್ದ. ಅದನ್ನು ಹೊಡೆದುಹಾಕಿ ಹೀಗೆ ಬರೆದ: "ಉಂಗುರ ಅಪ್ಪಟ ಪ್ಲಾಟಿನಂ ಎಂದು ಆರೋಪಿಗೆ ಖಚಿತವಾಗಿತ್ತು. ಅದೇ ಕಾರಣ."